ಬೆಳ್ಗೊಳದ ಗೋಡೆಯ ಮೇಲಿನ ಹಣ್ಣಿನ ಮರ

ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಿ, ಗೊಮ್ಮಟೇಶ್ವರ ಸ್ವಾಮಿಯ ದರ್ಶನ ಪಡೆದು ಇಳಿದ ಯಾತ್ರಿಕರು ಶ್ರವಣಬೆಳಗೊಳದ ಊರೊಳಗಿನ ಜೈನ ಮಠಕ್ಕೂ ಹೋಗುವುದು ವಾಡಿಕೆ. ಅಲ್ಲಿನ ಲೋಹದ ಜಿನಬಿಂಬಗಳಿಗೆ ಕೈಮುಗಿದು ತಿರುಗುವಷ್ಟರಲ್ಲಿ ಗೋಡೆಗಳ ತುಂಬ ಬರೆದ ವರ್ಣಚಿತ್ರಗಳು ಕಣ್ಣಿಗೆ ಬೀಳುತ್ತವೆ. ಬಹಳ ಮಂದಿ ಅವನ್ನು ನಡೆಯುತ್ತಲೇ ನೋಡಿ ಹೊರಟುಬಿಡುತ್ತಾರೆ. ಊಟದ ಹೊತ್ತು ಮೀರುತ್ತಿರುತ್ತದೆ. ಊರಿಗೆ ಮರಳುವ ಬಸ್ಸಿನ ಚಿಂತೆಯೂ ಇರುತ್ತದೆ. ಆದರೆ ಅವು ಸ್ವಲ್ಪ ಹೊತ್ತು ಎದುರು ನಿಂತು ಓದಬೇಕಾದ ಗೋಡೆಗಳು. ಅಕ್ಷರ ಬಾರದವರಿಗೂ ತತ್ತ್ವ ತಿಳಿಯಲೆಂದು ನಮ್ಮ ಹಿರಿಯರು ಬಣ್ಣದಲ್ಲಿ ಬರೆಸಿಟ್ಟ ಶಾಸ್ತ್ರ ಅದು.

ಈ ಚಿತ್ರಗಳು 18 ಮತ್ತು 19ನೆಯ ಶತಮಾನಗಳಲ್ಲಿ ಮೈಸೂರು ಸೀಮೆಯಲ್ಲಿ ಬೆಳೆದ ಭಿತ್ತಿಚಿತ್ರ ಪರಂಪರೆಗೆ ಸೇರಿದವು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಗೋಡೆಗಳಲ್ಲಿಯೂ ಶಿರಾ ಸೀಮೆಯ ಸೀಬಿಯ ನರಸಿಂಹ ದೇವಾಲಯದ ಒಳಮಾಳಿಗೆಯಲ್ಲಿಯೂ ಅದೇ ಪರಂಪರೆಯ ಕೈಗಳು ದುಡಿದಿವೆ. ಬೆಳ್ಗೊಳದ ಮಠದಲ್ಲಿ ಒಂದೆಡೆ ಭಗವಾನ್ ಪಾರ್ಶ್ವನಾಥರ ಸಮವಸರಣವಿದೆ. ಮತ್ತೊಂದೆಡೆ ಭರತ ಚಕ್ರವರ್ತಿಯ ಚರಿತ್ರೆಯೂ ಇನ್ನೊಂದೆಡೆ ನಾಗಕುಮಾರನ ಕಥೆಯೂ ಇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿಗೂ ಅಲ್ಲಿ ಸ್ಥಳ ದೊರೆತಿದೆ. ಸಿಂಹಾಸನ, ಆನೆ, ಛತ್ರ, ಚಾಮರಗಳ ಈ ವೈಭವದ ನಡುವೆ ರಾಜನಿಲ್ಲದ, ಆಯುಧವಿಲ್ಲದ ಒಂದು ಚಿತ್ರವಿದೆ: ಒಂದು ಕಾಡು, ಅದರಲ್ಲೊಂದು ಮರ, ಮರದಲ್ಲಿ ಆರು ಜನ.

ಬೆಳ್ಗೊಳದ ಶಾಸನಗಳನ್ನು ಸಂಪಾದಿಸಿ 1923ರಲ್ಲಿ ಪರಿಷ್ಕೃತ ಸಂಪುಟವಾಗಿ ಹೊರತಂದ ಆರ್. ನರಸಿಂಹಾಚಾರ್ ಅವರು ಈ ಚಿತ್ರಗಳನ್ನೂ ಅದರಲ್ಲಿ ವಿವರಿಸಿದ್ದಾರೆ. ಕಾಡಿನ ಚಿತ್ರದಲ್ಲಿರುವ ಮರ ಮತ್ತು ಆರು ಜನರು ಜೈನ ತತ್ತ್ವಶಾಸ್ತ್ರದ ಷಡ್‌ಲೇಶ್ಯೆಗಳನ್ನು ಸೂಚಿಸುತ್ತಾರೆಂದು ಅವರು ಗುರುತಿಸಿದರು. ರಾಜರ ಕಥೆಗಳ ಸಾಲಿನಲ್ಲಿ ಈ ಮರವನ್ನು ಬರೆಸಿದವರ ಅಭಿಪ್ರಾಯವೇನಿರಬಹುದು? ಸಿಂಹಾಸನದ ಮೇಲೆ ಕುಳಿತವನಿಗೂ ಅದರ ಮುಂದೆ ಕೈಕಟ್ಟಿ ನಿಂತವನಿಗೂ ಹಸಿವು ಒಂದೇ. ಆ ಹಸಿವನ್ನು ಹೇಗೆ ತೀರಿಸಿಕೊಳ್ಳುತ್ತಾನೆ ಎಂಬುದರಲ್ಲಿ ಮಾತ್ರ ಜೀವದ ಬಣ್ಣ ಹೊರಬೀಳುತ್ತದೆ. ಈ ಮಾತನ್ನು ಮರದ ಚಿತ್ರವು ಹೇಳುತ್ತದೆ.

ದಾರಿ ತಪ್ಪಿದ ಆರು ಪಥಿಕರು

ಚಿತ್ರದ ಮೂಲ ದೂರದಲ್ಲಿಲ್ಲ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು 981ರ ಸುಮಾರಿಗೆ ಬೆಟ್ಟದ ಮೇಲೆ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದನು. ಅವನಿಗೆ ಗುರುಸ್ಥಾನದಲ್ಲಿದ್ದ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ‘ಗೊಮ್ಮಟಸಾರ’ವನ್ನು ರಚಿಸಿದರು. ಗೊಮ್ಮಟನೆಂಬುದು ಚಾವುಂಡರಾಯನಿಗೂ ಇದ್ದ ಹೆಸರು. ಗ್ರಂಥಕ್ಕೆ ಆ ಹೆಸರು ಬಂದದ್ದು ಅವನಿಂದಲೇ. 1359ರಲ್ಲಿ ಕೇಶವವರ್ಣಿಯು ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಹೀಗೆ ಪ್ರಾಕೃತದಿಂದ ಕನ್ನಡಕ್ಕೆ, ಓಲೆಗರಿಯಿಂದ ಗೋಡೆಗೆ, ಸುಮಾರು ಎಂಟುನೂರು ವರ್ಷಗಳಲ್ಲಿ ಒಂದು ದೃಷ್ಟಾಂತವು ನಡೆದುಬಂದಿದೆ.

ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಗಳನ್ನು ವಿವರಿಸುವ ಪ್ರಕರಣವಿದೆ. ಆ ದೃಷ್ಟಾಂತ ಬರುವುದು ಅಲ್ಲಿಯೇ. ಆರು ಮಂದಿ ಪಥಿಕರು ಕಾಡಿನ ನಡುವೆ ದಾರಿ ತಪ್ಪುತ್ತಾರೆ. ಹಣ್ಣುಗಳಿಂದ ತುಂಬಿ ಬಾಗಿದ ಒಂದು ಮರವನ್ನು ಕಾಣುತ್ತಾರೆ. ಆಗ ಒಬ್ಬೊಬ್ಬನ ಮನಸ್ಸಿನಲ್ಲಿಯೂ ಒಂದೊಂದು ಆಲೋಚನೆ ಹುಟ್ಟುತ್ತದೆ. ಮೊದಲನೆಯವನು ಮರವನ್ನು ಬುಡಸಮೇತ ಕಿತ್ತು ಹಣ್ಣು ತಿನ್ನೋಣವೆಂದು ಬಗೆಯುತ್ತಾನೆ. ಎರಡನೆಯವನಿಗೆ ಕಾಂಡವನ್ನು ಕಡಿದರೆ ಸಾಕೆನಿಸುತ್ತದೆ. ಮೂರನೆಯವನು ದೊಡ್ಡ ಕೊಂಬೆಗಳನ್ನು ಕಡಿಯಲು ಬಯಸುತ್ತಾನೆ, ನಾಲ್ಕನೆಯವನು ಹಣ್ಣಿರುವ ಸಣ್ಣ ರೆಂಬೆಗಳನ್ನು ಮಾತ್ರ. ಐದನೆಯವನು ಮರಕ್ಕೆ ಕತ್ತಿಯನ್ನೇ ತಾಗಿಸದೆ ಹಣ್ಣುಗಳನ್ನು ಬಿಡಿಸಿಕೊಳ್ಳಲು ಎಣಿಸುತ್ತಾನೆ. ಆರನೆಯವನು ಕೆಳಗೆ ನೋಡುತ್ತಾನೆ; ತಾನಾಗಿಯೇ ಉದುರಿ ಬಿದ್ದ ಹಣ್ಣುಗಳು ನೆಲದ ಮೇಲಿವೆ. ಅವನಿಗೆ ಅಷ್ಟೇ ಸಾಕು.

ಗಾಥೆಯಲ್ಲಿ ಅದು ಹಣ್ಣು ತುಂಬಿದ ಮರ, ಅಷ್ಟೆ. ಹೇಳುವವರ ಬಾಯಲ್ಲಿ ಅದು ಕೆಲವೆಡೆ ನೇರಳೆಯಾಗಿದೆ, ಕೆಲವೆಡೆ ಮಾವಾಗಿದೆ. ಈ ಆರು ಜನರು ಕ್ರಮವಾಗಿ ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಲೇಶ್ಯೆಗಳ ಪ್ರತೀಕರು. ಪೀತಕ್ಕೆ ತೇಜೋಲೇಶ್ಯೆಯೆಂದೂ ಹೆಸರುಂಟು. ಬಣ್ಣಗಳು ಮನಸ್ಸಿಗೆ ನಿಲ್ಲಲೆಂದು ಆಚಾರ್ಯರು ತುಂಬಿ, ನೀಲಮಣಿ, ಪಾರಿವಾಳ, ಬಂಗಾರ, ತಾವರೆ, ಶಂಖ ಎಂಬ ಆರು ಹೋಲಿಕೆಗಳನ್ನು ಕೊಟ್ಟಿದ್ದಾರೆ. ಮೊದಲ ಮೂರು ಅಶುಭ, ಕೊನೆಯ ಮೂರು ಶುಭ.

ಈ ಕಥೆಯನ್ನು ಪಾಠಶಾಲೆಯಲ್ಲಿ ಕೇಳದ ಜೈನ ಮಕ್ಕಳು ವಿರಳ. ಆದರೆ ಮಕ್ಕಳಾಗಿ ಕೇಳಿದ ಕಥೆಯನ್ನು ಸಂಸಾರ ಹೊತ್ತ ಮೇಲೆ ಮತ್ತೊಮ್ಮೆ ನೋಡಿದಾಗ ಅಂದು ಹೊಳೆಯದ ಸಂಗತಿಗಳು ಹೊಳೆಯುತ್ತವೆ. ಈ ಆರು ಜನರಲ್ಲಿ ಕಳ್ಳನಿಲ್ಲ, ಕೊಲೆಗಾರನಿಲ್ಲ. ಎಲ್ಲರೂ ಹಸಿದವರು, ಎಲ್ಲರೂ ದಾರಿ ತಪ್ಪಿದವರು. ಹಸಿವೂ ನ್ಯಾಯವಾದದ್ದೇ. ಮರವನ್ನು ಕಡಿಯಬೇಕೆಂದವನೂ ಬಯಸಿದ್ದು ಹಣ್ಣನ್ನೇ. ಅವನಿಗೆ ಮರದ ಮೇಲೆ ದ್ವೇಷವೇನೂ ಇರಲಿಲ್ಲ. ಇತ್ತ ಶುಕ್ಲಲೇಶ್ಯೆಯವನೂ ಉಪವಾಸವಿರಲಿಲ್ಲ. ಅವನೂ ಹಣ್ಣನ್ನು ತಿಂದನು. ಹಾಗಾದರೆ ವ್ಯತ್ಯಾಸವಿರುವುದು ಒಂದೇ ಕಡೆ. ನನ್ನ ಹೊಟ್ಟೆ ತುಂಬಬೇಕಾದರೆ ಮರವು ಎಷ್ಟನ್ನು ಕಳೆದುಕೊಳ್ಳಬೇಕು ಎಂಬ ಲೆಕ್ಕದಲ್ಲಿ. ಗೃಹಸ್ಥನಿಗೆ ಈ ಚಿತ್ರ ಆಪ್ತವಾಗುವುದು ಇದರಿಂದಲೇ. ಅದು ಅವನನ್ನು ಊಟ ಬಿಡು, ಮನೆ ಬಿಡು ಎಂದು ಹೆದರಿಸುವುದಿಲ್ಲ. ಕೊಡಲಿಯನ್ನು ಎಲ್ಲಿ ಇಡುತ್ತೀಯೆ ಎಂದು ಮಾತ್ರ ಕೇಳುತ್ತದೆ.

ಬಣ್ಣ ಮತ್ತು ಅಂಟು

ಲೇಶ್ಯೆಯೆಂದರೆ ಬಳಿಯುವುದು, ಲೇಪಿಸುವುದು. ಯಾವುದರಿಂದ ಜೀವವು ತನ್ನನ್ನು ತಾನೇ ಪುಣ್ಯಪಾಪಗಳಿಂದ ಲೇಪಿಸಿಕೊಳ್ಳುತ್ತದೆಯೋ ಅದು ಲೇಶ್ಯೆ ಎಂಬುದು ಶಾಸ್ತ್ರದ ನಿರುಕ್ತಿ. ಶರೀರದ ವರ್ಣವನ್ನು ದ್ರವ್ಯಲೇಶ್ಯೆಯೆನ್ನುತ್ತಾರೆ. ಅದರಿಂದ ಯಾರ ಗುಣವನ್ನೂ ಅಳೆಯುವಂತಿಲ್ಲ. ಒಳಗಿನ ಪರಿಣಾಮವೇ ಭಾವಲೇಶ್ಯೆ. ಮರದ ದೃಷ್ಟಾಂತ ಹೇಳುವುದು ಅದನ್ನೇ. ಮೈಬಣ್ಣ ನೋಡಿ ಮನುಷ್ಯನಿಗೆ ಬೆಲೆ ಕಟ್ಟುವ ಲೋಕಕ್ಕೆ ಈ ವಿಂಗಡಣೆಯೇ ಒಂದು ದೊಡ್ಡ ಪಾಠ.

ಭಾವಲೇಶ್ಯೆಯನ್ನು ಆಚಾರ್ಯ ಪೂಜ್ಯಪಾದರು ಕಷಾಯದ ಉದಯದಿಂದ ಬಣ್ಣಗೊಂಡ ಯೋಗಪ್ರವೃತ್ತಿಯೆಂದು ವಿವರಿಸುತ್ತಾರೆ. ಮನಸ್ಸು, ಮಾತು, ದೇಹಗಳ ಚಲನೆಯೇ ಯೋಗ. ಕ್ರೋಧ, ಮಾನ, ಮಾಯೆ, ಲೋಭಗಳೇ ಕಷಾಯ. ಈ ‘ಕಷಾಯ’ವೆಂಬ ಹೆಸರಿನ ಹಿಂದೆ ನಮ್ಮ ಮನೆಗಳಲ್ಲಿಯೇ ಕಾಣುವ ಒಂದು ಅನುಭವವಿದೆ. ಬಟ್ಟೆಗೆ ಬಣ್ಣ ಹಾಕುವವರು ಮೊದಲು ಅದನ್ನು ಅಳಲೆಕಾಯಿಯ ಒಗರು ನೀರಿನಲ್ಲಿ ಅದ್ದುತ್ತಾರೆ. ಒಗರು ಹಿಡಿದ ನೂಲಿಗೆ ಬಣ್ಣ ಕಚ್ಚಿಕೊಳ್ಳುತ್ತದೆ. ಒಗರಿಲ್ಲದ ನೂಲಿನಿಂದ ತೊಳೆದರೆ ಹೋಗುತ್ತದೆ. ಆಲ ಮೊದಲಾದ ಮರಗಳ ಕಷಾಯವು ಹೇಗೆ ಅಂಟಿಗೆ ಕಾರಣವೋ ಹಾಗೆ ಕ್ರೋಧಾದಿಗಳು ಆತ್ಮನಿಗೆ ಕರ್ಮ ಅಂಟಲು ಕಾರಣವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹೇಳಿದ್ದಾರೆ.

ಗೋಡೆಯ ಚಿತ್ರಗಾರನಿಗೂ ಈ ಮಾತು ಅರ್ಥವಾಗುತ್ತಿತ್ತು. ಕಾಡಿಗೆ, ಕಾವಿ, ಹರಿತಾಳ, ಇಂಗಳೀಕ ಯಾವುದೇ ಇರಲಿ, ಬರಿಯ ಪುಡಿಯನ್ನು ಗೋಡೆಗೆ ಎರಚಿದರೆ ಅದು ನಿಲ್ಲುವುದಿಲ್ಲ. ಅಂಟು ಸೇರಿದಾಗಲೇ ಪುಡಿ ಬಣ್ಣವಾಗುತ್ತದೆ, ಬಣ್ಣ ಗೋಡೆಗೆ ಹತ್ತುತ್ತದೆ. ಹಾಗೆ ಹತ್ತಿದರೂ ಬಣ್ಣ ಗೋಡೆಯಾಗುವುದಿಲ್ಲ, ಗೋಡೆ ಬಣ್ಣವಾಗುವುದಿಲ್ಲ. ಆತ್ಮದ ಸಂಗತಿಯೂ ಹೀಗೆಯೇ. ಕೋಪ ಬಂದಾಗ ‘ನಾನೇ ಹೀಗೆ, ನನ್ನ ಸ್ವಭಾವವೇ ಇಷ್ಟು’ ಎನ್ನುವವನು ಬಣ್ಣವನ್ನೇ ಗೋಡೆಯೆಂದು ತಿಳಿದಿದ್ದಾನೆ. ಬಣ್ಣದೊಡನೆ ಜಗಳವಾಡಿ ಫಲವಿಲ್ಲ. ಅಂಟು ಸಡಿಲವಾಗಬೇಕು.

ಮನೆಯ ಪಾಲಿನ ದಿನ

ಮರದ ಕಥೆಗೆ ಕಾಡೇ ಬೇಕೆಂದಿಲ್ಲ. ತಂದೆ ತೀರಿಕೊಂಡ ಮನೆಯಲ್ಲಿ, ವರ್ಷಾಂತ ಕಳೆದ ಮೇಲೆ, ಅಣ್ಣತಮ್ಮಂದಿರು ಹಜಾರದಲ್ಲಿ ಕುಳಿತು ಗದ್ದೆ, ತೋಟ, ಮನೆಗಳ ಪಾಲಿನ ಮಾತು ತೆಗೆಯುವ ದಿನವನ್ನು ನೆನೆದುಕೊಂಡರೆ ಸಾಕು. ಅಪ್ಪ ನೆಟ್ಟು ಬೆಳೆಸಿದ ಮರ ಅದು. ಹಸಿವು ಎಲ್ಲರದೂ ನಿಜ. ಒಬ್ಬನಿಗೆ ಮಗಳ ಮದುವೆ, ಒಬ್ಬನಿಗೆ ಸಾಲ, ಒಬ್ಬನಿಗೆ ಮಗನ ಓದು.

ಅಲ್ಲಿ ‘ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ದಕ್ಕಕೂಡದು’ ಎಂಬ ಮಾತು ಹೊರಟಿತೆಂದರೆ ಕೊಡಲಿ ಬುಡಕ್ಕೆ ಬಿತ್ತೆಂದೇ ಅರ್ಥ. ಹಗೆಯನ್ನು ಬಿಡದಿರುವುದು, ಜಗಳವನ್ನೇ ಬಯಸುವುದು, ದಯೆಯಿಲ್ಲದಿರುವುದು ಕೃಷ್ಣಲೇಶ್ಯೆಯ ಲಕ್ಷಣಗಳೆಂದು ಗೊಮ್ಮಟಸಾರ ಹೇಳುತ್ತದೆ. ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಒಂದು ಸಾಲನ್ನು ಮೆಲ್ಲನೆ ಸೇರಿಸುವ ಕೈ ನೀಲಲೇಶ್ಯೆಯದು. ವಂಚನೆ ಮತ್ತು ಧನದ ತೀವ್ರ ಆಸೆ ಅದರ ಗುರುತು. ‘ನಾನು ದುಡಿಯದಿದ್ದರೆ ಈ ಮನೆ ಎಲ್ಲಿರುತ್ತಿತ್ತು’ ಎಂದು ತನ್ನನ್ನು ಹೊಗಳಿಕೊಂಡು ಉಳಿದವರ ತಪ್ಪುಗಳನ್ನು ಎಣಿಸುವುದು ಕಪೋತದ ರೀತಿ. ನ್ಯಾಯವಾದ ಪಾಲನ್ನು ಕೇಳಿ, ಅಷ್ಟನ್ನೇ ಪಡೆದು ಏಳುವವನು ಪೀತಲೇಶ್ಯೆಯವನು. ಮಾಡಬೇಕಾದದ್ದು ಯಾವುದು, ಮಾಡಬಾರದ್ದು ಯಾವುದು ಎಂಬ ಅರಿವು ಅವನಿಗುಂಟು. ‘ತಂಗಿಯ ಪಾಲು ಮೊದಲು ಎತ್ತಿಡಿ, ತಮ್ಮನಿಗೆ ಕಷ್ಟವಿದೆ, ಬಾವಿಯ ಕಡೆಯ ಗದ್ದೆ ಅವನಿಗಿರಲಿ’ ಎನ್ನುವ ಬಾಯಲ್ಲಿ ಪದ್ಮಲೇಶ್ಯೆಯ ತ್ಯಾಗವೂ ಕ್ಷಮೆಯೂ ಇವೆ. ಬಂದದ್ದು ಹೆಚ್ಚಾದರೂ ಕಡಿಮೆಯಾದರೂ ಮನಸ್ಸು ಕದಡದೆ, ಪಕ್ಷಪಾತವಿಲ್ಲದೆ, ಎಲ್ಲರಲ್ಲಿಯೂ ಸಮಭಾವದಿಂದಿರುವುದು ಶುಕ್ಲ.

ಅದೇ ಮಠದ ಗೋಡೆಯ ಮೇಲಿರುವ ಭರತ ಚಕ್ರವರ್ತಿಯ ಚರಿತ್ರೆಯೂ ಅಣ್ಣತಮ್ಮಂದಿರ ಭೂಮಿಯ ವ್ಯಾಜ್ಯವೇ. ಭರತನು ತಮ್ಮ ಬಾಹುಬಲಿಯೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಸೋತನು. ಸೋತ ಅವಮಾನದಲ್ಲಿ ಒಡಹುಟ್ಟಿದವನ ಮೇಲೆಯೇ ಚಕ್ರರತ್ನವನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ನಡೆದನು. ಆ ಕ್ಷಣದ ಭರತನನ್ನು ಮಾತ್ರ ನೋಡಿದವರು ಅವನನ್ನು ಮರದ ಬುಡದಲ್ಲಿ ನಿಲ್ಲಿಸಿಬಿಡುತ್ತಿದ್ದರು. ಆದರೆ ಪುರಾಣವು ಅವನನ್ನು ಅಲ್ಲಿಯೇ ಬಿಡುವುದಿಲ್ಲ. ಜಿನಸೇನಾಚಾರ್ಯರ ಪರಂಪರೆಯ ಮಹಾಪುರಾಣದಲ್ಲಿ ಅದೇ ಭರತನು ಮುಂದೆ ದೀಕ್ಷೆ ವಹಿಸಿ ಅಂತರ್ಮುಹೂರ್ತದಲ್ಲಿಯೇ ಕೇವಲಜ್ಞಾನವನ್ನು ಪಡೆಯುತ್ತಾನೆ.

ಆರು ಜನರೂ ಒಬ್ಬನೇ

ಇಲ್ಲಿ ಬಂದ ‘ಅಂತರ್ಮುಹೂರ್ತ’ವೆಂಬ ಮಾತು ಮರದ ಚಿತ್ರವನ್ನು ಓದಲು ಕೀಲಿಕೈ. ಮುಹೂರ್ತವೆಂದರೆ ಎರಡು ಗಳಿಗೆ, ಎಂದರೆ 48 ನಿಮಿಷ. ಅದರೊಳಗಿನ ಕಾಲವೇ ಅಂತರ್ಮುಹೂರ್ತ. ದೇವಗತಿಯಲ್ಲಿಯೂ ನರಕದಲ್ಲಿಯೂ ಜೀವದ ಲೇಶ್ಯೆ ಆಯುಷ್ಯವಿಡೀ ಸ್ಥಿರ. ಮನುಷ್ಯನಿಗೆ ಹಾಗಿಲ್ಲ. ಕೇವಲಿಗಳ ಶುಕ್ಲಲೇಶ್ಯೆಯೊಂದನ್ನು ಬಿಟ್ಟರೆ, ಮನುಷ್ಯನಲ್ಲಿ ಯಾವ ಲೇಶ್ಯೆಯೂ ಒಮ್ಮೆ ಬಂದು ಅಂತರ್ಮುಹೂರ್ತಕ್ಕಿಂತ ಹೆಚ್ಚು ಕಾಲ ನಿಲ್ಲುವುದಿಲ್ಲವೆಂದು ಸಿದ್ಧಾಂತ ಹೇಳುತ್ತದೆ. ಅದೇ ಮರಳಿ ಬರಬಹುದು, ಬೇರೊಂದು ಬರಬಹುದು. ಬಾಗಿಲು ಮಾತ್ರ ಮತ್ತೆಮತ್ತೆ ತೆರೆಯುತ್ತಿರುತ್ತದೆ.

ಹಾಗೆ ನೋಡಿದರೆ ಮರದಲ್ಲಿರುವ ಆರು ಜನರು ಆರು ಬಗೆಯ ಮನುಷ್ಯರೇ ಆಗಬೇಕಾಗಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಬ್ಬನೇ ಮನುಷ್ಯ ಆ ಮರವನ್ನು ಎಷ್ಟೋ ಸಲ ಹತ್ತಿ ಇಳಿಯುತ್ತಾನೆ. ಬಸದಿಯಲ್ಲಿ ಅಭಿಷೇಕ ನೋಡುತ್ತ ಶಂಖದಷ್ಟು ಬೆಳ್ಳಗಾದ ಮನಸ್ಸು, ಹೊರಗೆ ಬಂದು ಚಪ್ಪಲಿ ಕಾಣದಿದ್ದರೆ ತುಂಬಿಯ ಬಣ್ಣಕ್ಕೆ ತಿರುಗಲು ಎರಡು ನಿಮಿಷ ಬೇಡ. ಆದ್ದರಿಂದ ಈ ಚಿತ್ರದ ಮುಂದೆ ನಿಂತು ‘ಬುಡ ಕಡಿಯುವವನು ನಮ್ಮ ದಾಯಾದಿ, ಉದುರಿದ ಹಣ್ಣು ತಿನ್ನುವವನು ನಾನು’ ಎಂದು ಹಂಚಿಕೆ ಮಾಡುವವನು ಚಿತ್ರವನ್ನು ತಪ್ಪಾಗಿ ಓದಿದಂತಾಯಿತು. ಇತರರ ದೋಷವನ್ನು ಎಣಿಸಿ ತನ್ನನ್ನು ಹೊಗಳಿಕೊಳ್ಳುವುದು ಕಪೋತಲೇಶ್ಯೆಯ ಲಕ್ಷಣವೆಂಬುದು ಆಗಲೇ ಬಂದಿತಷ್ಟೆ.

ಶ್ರಾವಕನ ನಿತ್ಯಕ್ರಮದಲ್ಲಿ ಹಿರಿಯರು ಸಾಮಾಯಿಕವನ್ನು ಇಟ್ಟದ್ದರ ಹಿಂದಿನ ವಿವೇಕವೂ ಇದರಿಂದ ಅರ್ಥವಾಗುತ್ತದೆ. ಎರಡು ಗಳಿಗೆಯ ಕಾಲ ಒಂದೆಡೆ ಕುಳಿತು, ಶತ್ರು ಮಿತ್ರ, ಲಾಭ ನಷ್ಟಗಳಲ್ಲಿ ಸಮಭಾವವನ್ನು ತಂದುಕೊಳ್ಳುವ ಅಭ್ಯಾಸವದು. ಹಾಗೆಯೇ ದಿನದ ಕೊನೆಗೆ ಮಾಡುವ ಪ್ರತಿಕ್ರಮಣ. ಇಂದು ಯಾವ ಮರಕ್ಕೆ ಎಲ್ಲಿ ಏಟು ಹಾಕಿದೆ, ಯಾವ ಕೊಂಬೆಯನ್ನು ಸುಮ್ಮನೆ ಮುರಿದೆ ಎಂದು ನೆನೆದು ಪಶ್ಚಾತ್ತಾಪಪಡುವುದು ಅದರ ಸಾರ. ಕೋಪದಲ್ಲಿ ಮಗನಿಗೆ ಪತ್ರ ಬರೆಯುವ ಮುನ್ನ, ವಕೀಲರ ಮನೆಗೆ ಹೊರಡುವ ಮುನ್ನ, ತಮ್ಮನೊಡನೆ ಮಾತು ಬಿಡುವ ಮುನ್ನ ಒಂದು ಮುಹೂರ್ತ ತಡೆದರೆ ಸಾಕು. ಬಣ್ಣ ಬದಲಾಗಲು ಅವಕಾಶ ಸಿಗುತ್ತದೆ. ಎಷ್ಟೋ ಮನೆಗಳು ಉಳಿದದ್ದು ಆ ಒಂದು ಮುಹೂರ್ತದ ತಡೆಯಿಂದ.

ಗುಣಸ್ಥಾನಗಳ ಲೆಕ್ಕದಲ್ಲಿ ಇನ್ನೊಂದು ಎಚ್ಚರಿಕೆಯೂ ಒಂದು ಭರವಸೆಯೂ ಇವೆ. ನಾಲ್ಕನೆಯ ಗುಣಸ್ಥಾನದವರೆಗೆ ಆರು ಲೇಶ್ಯೆಗಳೂ ಸಾಧ್ಯ. ಎಂದರೆ, ಶ್ರದ್ಧೆ ಸರಿಯಾಗಿದ್ದು ವ್ರತವಿಲ್ಲದವನಲ್ಲಿಯೂ ಕೃಷ್ಣಲೇಶ್ಯೆ ತಲೆಯೆತ್ತಬಹುದು. ತತ್ತ್ವ ಬಲ್ಲೆನೆಂಬ ಹೆಮ್ಮೆ ಯಾರಿಗೂ ರಕ್ಷೆಯಲ್ಲ. ಆದರೆ ಐದನೆಯ ಗುಣಸ್ಥಾನದಲ್ಲಿ, ಎಂದರೆ ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹ ಪರಿಮಾಣವೆಂಬ ಅಣುವ್ರತಗಳನ್ನು ಭಾವಪೂರ್ವಕವಾಗಿ ಪಾಲಿಸುವ ಗೃಹಸ್ಥನಲ್ಲಿ, ಶುಭಲೇಶ್ಯೆಗಳು ಮೂರೇ ಉಳಿಯುತ್ತವೆ. ಬುಡ, ಕಾಂಡ, ದೊಡ್ಡ ಕೊಂಬೆಗಳಿಗೆ ಕೊಡಲಿ ಎತ್ತುವ ಆ ಮೂವರು ಅವನ ಮರದಿಂದ ಇಳಿದು ಹೋಗಿರುತ್ತಾರೆ. ಇಷ್ಟೇ ಸಾಕೆಂದು ಪರಿಮಾಣ ಹಾಕಿಕೊಂಡವನಿಗೆ ಬುಡವನ್ನೇ ಕೀಳುವ ಅಗತ್ಯ ಬೀಳುವುದಿಲ್ಲ. ಸಂಸಾರದಲ್ಲಿದ್ದುಕೊಂಡೇ ತಲುಪಬಹುದಾದ ಎತ್ತರವಿದು.

ಏಳನೆಯ ಸ್ಥಾನ

ಚಿತ್ರದ ಮರದಲ್ಲಿ ಆರು ಜನರಿದ್ದಾರೆ. ಶುಕ್ಲವೇ ಕೊನೆಯೇ ಎಂದು ಕೇಳಿದರೆ ಶಾಸ್ತ್ರವು ಅಲ್ಲಿಗೂ ನಿಲ್ಲುವುದಿಲ್ಲ. ಬಿಳಿಯೂ ಒಂದು ಬಣ್ಣವೇ. ಎಂಟರಿಂದ ಹದಿಮೂರರವರೆಗಿನ ಗುಣಸ್ಥಾನಗಳಲ್ಲಿ ಶುಕ್ಲವೊಂದೇ ಇರುತ್ತದೆ. ಅದೇ ಗೋಡೆಗಳ ಮೇಲೆ ಸಮವಸರಣದ ನಡುವೆ ಕುಳಿತಿರುವ ಪಾರ್ಶ್ವನಾಥ ಭಗವಂತರು ಹದಿಮೂರನೆಯ ಗುಣಸ್ಥಾನದ ಸಯೋಗಕೇವಲಿಗಳು. ಅವರಲ್ಲಿ ಕಷಾಯವಿಲ್ಲ, ಅಂಟು ಒಣಗಿ ಉದುರಿದೆ. ಆದರೂ ಯೋಗವಿರುವುದರಿಂದ ಅವರಿಗೆ ಶುಕ್ಲಲೇಶ್ಯೆಯನ್ನು ಉಪಚಾರದಿಂದ ಹೇಳುತ್ತಾರೆ. ಹದಿನಾಲ್ಕನೆಯದರಲ್ಲಿ ಯೋಗವೂ ನಿಂತು ಜೀವವು ಅಲೇಶ್ಯವಾಗುತ್ತದೆ. ಸಿದ್ಧರು ಎಲ್ಲ ಬಣ್ಣಗಳನ್ನೂ ದಾಟಿದವರು. ಅವರನ್ನು ಬರೆಯಲು ಯಾವ ಚಿತ್ರಗಾರನ ಬಟ್ಟಲಿನಲ್ಲಿಯೂ ಬಣ್ಣವಿಲ್ಲ.

ಮಠದ ಅಂಗಳದಿಂದ ಹೊರಗೆ ಬಂದು ತಲೆಯೆತ್ತಿದರೆ ವಿಂಧ್ಯಗಿರಿ ಕಾಣುತ್ತದೆ. ಪಾಲಿಗೆ ಬಂದ ರಾಜ್ಯವನ್ನು ಅಣ್ಣನಿಗೆ ಬಿಟ್ಟುಕೊಟ್ಟ ತಮ್ಮನು ಅಲ್ಲಿ ನಿಂತಿದ್ದಾನೆ. ಅವನ ಮೈಮೇಲೆ ಯಾವ ಬಣ್ಣವನ್ನೂ ಬಳಿದಿಲ್ಲ. ಗಾಳಿ, ಮಳೆ, ಬಿಸಿಲಿಗೆ ತೆರೆದ ಬರಿಯ ಕಲ್ಲು. ತೊಡೆ, ತೋಳುಗಳನ್ನು ಸುತ್ತಿದ ಬಳ್ಳಿಯನ್ನೂ ಅವನು ಕಿತ್ತೆಸೆಯಲಿಲ್ಲ. ಕೆಳಗಿನ ಊರಿನಲ್ಲಿ, ನೆರಳಿನ ಗೋಡೆಯ ಮೇಲೆ, ಆರು ಜನರು ಇಂದಿಗೂ ಆ ಹಣ್ಣಿನ ಮರದಲ್ಲಿದ್ದಾರೆ. ಮುಂದಿನ ಸಲ ಬೆಳ್ಗೊಳಕ್ಕೆ ಹೋದ ಭವ್ಯರು ಮರಳುವ ಬಸ್ಸಿಗೆ ಸ್ವಲ್ಪ ತಡವಾದರೂ ಸರಿ, ಆ ಮರದ ಮುಂದೆ ಒಂದು ಗಳಿಗೆ ನಿಲ್ಲಲಿ. ಇವತ್ತಿನ ಮಟ್ಟಿಗೆ ತಾವು ಯಾವ ಕೊಂಬೆಯ ಮೇಲಿದ್ದೇವೆಂದು ನೋಡಿಕೊಳ್ಳಲಿ. ಸಾಧ್ಯವಾದರೆ ಕೊಡಲಿಯನ್ನು ಅಲ್ಲಿಯೇ ಇಳಿಸಿ ಮನೆಗೆ ಮರಳಲಿ.